ನಲವತ್ತೆರಡು ಡಿಗ್ರಿ

"ಯಾರ್ರೀ ನನ್ನ ಶೇಕರ್ ಮುಟ್ಟಿದ್ದು?"

ಮೇಧಾಳ ದನಿಗೆ ರಾಜಾಜಿನಗರದ ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬೇ ತಣ್ಣಗಾಯಿತು. ಪಕ್ಕದ ಕೆಮಿಸ್ಟ್ರಿ ವಿಭಾಗದ ಆನಂದ್ ಮೆಲ್ಲಗೆ ಕೈ ಎತ್ತಿದ. ತನ್ನ ಕೆಲಸಕ್ಕೆಂದು, ಫ್ಲಾಸ್ಕುಗಳನ್ನು ಬೆಚ್ಚಗಿಟ್ಟು ಅಲುಗಾಡಿಸುವ ಆ ಶೇಕರನ್ನು ನಲವತ್ತೆರಡು ಡಿಗ್ರಿಗೆ ಏರಿಸಿದ್ದ. ಅದರ ಮೂಲೆಯಲ್ಲಿ, ಮೂವತ್ತೇಳರಲ್ಲಿ ಹಾಯಾಗಿ ಬೆಳೆಯುತ್ತಿದ್ದ ಅವಳ ಬ್ಯಾಕ್ಟೀರಿಯಾದ ಫ್ಲಾಸ್ಕು ಅವನ ಕಣ್ಣಿಗೇ ಬಿದ್ದಿರಲಿಲ್ಲ.

"ಸಾರಿ ಮೇಡಂ. ಎಲ್ಲಾ ಸತ್ತೋದ್ವಾ?"

"ಸಾಯೋದಾ? ಅವನ್ನ ಏನಂತ ತಿಳ್ಕೊಂಡಿದೀರಿ!" ಬಯ್ಯಲು ಬಂದವಳು ಪಾಠಕ್ಕಿಳಿದಳು, ಹುಟ್ಟುಗುಣ ಸುಟ್ಟರೂ ಹೋಗದಲ್ಲ. "ಜೀನ್ ಓದೋಕೆ ಅದರೊಳಗೊಂದು ಯಂತ್ರ ಇರತ್ತೆ. ಎಲ್ಲಿಂದ ಓದ್ಬೇಕು ಅಂತ ತೋರ್ಸೋದು ಸಿಗ್ಮಾ ಅನ್ನೋ ಪ್ರೋಟೀನು. ನೆಮ್ಮದಿಯಾಗಿರೋವಾಗ ಒಂದು ಸಿಗ್ಮಾ. ಕಾವು ಏರ್ತು ಅಂದ್ರೆ ಇನ್ನೊಂದು ಬಂದು ಕೂತ್ಕೊಂಡು, 'ಆ ಪುಟ ಬಿಡು, ಇದನ್ನ ಓದು' ಅನ್ನತ್ತೆ. ಬದುಕೋಕೆ ಬೇಕಾದ್ದೆಲ್ಲ ಆಗ ತಯಾರಾಗತ್ತೆ."

"ಅಲ್ಲೀತನಕ ಆ ಇನ್ನೊಂದು ಎಲ್ಲಿರತ್ತೆ?"

"ಒಳಗೇ. ಹುಟ್ತಾನೇ ಇರತ್ತೆ. ಕಾವು ಇಲ್ದಿರೋವಾಗ ಕಾವಲಿಗಿರೋ ಬೇರೆ ಪ್ರೋಟೀನುಗಳು ಅದನ್ನ ಹಿಡಿದು ಮುಗಿಸ್ಬಿಡ್ತವೆ. ಬಿಸಿ ಏರಿದ್ರೆ ಅವಕ್ಕೆ ಬೇರೆ ಕೆಲಸ ಬೀಳತ್ತೆ, ಇದು ತಪ್ಪಿಸ್ಕೊಳತ್ತೆ."

ಆನಂದ್ ಗಂಭೀರವಾಗಿ ತಲೆಯಾಡಿಸಿದ. "ಕೋಪ ಬಂದ್ರೆ ನಿಮ್ಮ ಮೂಗಿನ ತುದಿ ಕೆಂಪಾಗತ್ತಲ್ಲ, ಅದಕ್ಕೂ ಸಿಗ್ಮಾನೇ ಕಾರಣಾನಾ?"

ಅವಳು ಮೂಗು ಮುಚ್ಚಿಕೊಂಡಳು. ಕಣ್ಣು ಮಾತ್ರ ನಕ್ಕುಬಿಟ್ಟಿತು.

ಅಲ್ಲಿಂದ ಎರಡು ವರ್ಷ ಇಬ್ಬರ ಪ್ರಯೋಗಗಳೂ ನಿಧಾನವಾದವು, ಕ್ಯಾಂಟೀನಿನ ಟೀ ಮಾತ್ರ ಜೋರಾಗಿ ಖರ್ಚಾಯಿತು.

ಆಮೇಲೆ ಒಂದು ದಿನ ಆನಂದ್ ಫೋನ್ ಎತ್ತುವುದನ್ನೇ ಬಿಟ್ಟ. ಮೇಧಾ ಅವನನ್ನು ಲ್ಯಾಬಿನ ಮೆಟ್ಟಿಲಲ್ಲೇ ಅಡ್ಡಗಟ್ಟಿದಳು.

"ನಿಮ್ಮಪ್ಪ ಬಂದಿದ್ರು," ಅವನು ನೆಲ ನೋಡಿಕೊಂಡೇ ಹೇಳಿದ. "ಜಾತಿ, ಮನೆತನ ಅಂತೆಲ್ಲ ಹೇಳಿ ಕೈ ಮುಗಿದ್ಬಿಟ್ರು ಕಣೇ. ಅಂಥ ಹಿರಿಯರು. ಆಯ್ತು ಸಾರ್ ಅಂದ್ಬಿಟ್ಟೆ. ಭಾನುವಾರ ಮಹಾಲಕ್ಷ್ಮಿ ಲೇಔಟಿನವರು ನಿನ್ನ ನೋಡೋಕೆ ಬರ್ತಾರಂತೆ. ಒಳ್ಳೆ ಸಂಬಂಧ. ಒಪ್ಕೊ."

"ನೀವಿಬ್ರು ಗಂಡಸರು ಕೂತ್ಕೊಂಡು ನನ್ನ ತೀರ್ಮಾನ ಮಾಡಿದ್ರಿ. ನನ್ನೂ ಒಂದು ಮಾತು ಕೇಳ್ಬೇಕು ಅಂತ ಇಬ್ರಿಗೂ ಅನಿಸ್ಲಿಲ್ವಾ?"

ಮೇಧಾಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ರೋಷ ಬಂತು. ಪ್ರೀತಿಸಿದವನೇ ತನ್ನನ್ನು ತಟ್ಟೆಯಲ್ಲಿಟ್ಟು ಬೇರೆಯವರಿಗೆ ಕೊಡುವುದೆಂದರೇನು?

ಭಾನುವಾರ ಬಸವೇಶ್ವರನಗರದ ಮನೆಯಲ್ಲಿ ಅಮ್ಮ ವತ್ಸಲಾ ಕೇಸರಿಬಾತಿಗೆ ತುಪ್ಪ ಸುರಿಯುತ್ತಿದ್ದರು. ಮೇಧಾ ಹಸಿರು ರೇಷ್ಮೆಸೀರೆ ಉಟ್ಟು, ಮಲ್ಲಿಗೆ ಮುಡಿದು ಹಾಲಿಗೆ ಬಂದಳು. ಅಪ್ಪ ವೆಂಕಟಗಿರಿಯವರ ಮುಖ ಅರಳಿತು.

"ಅಪ್ಪಾ, ಅವ್ರಿಗೆ ಬರ್ಬೇಡಿ ಅಂತ ನಾನೇ ಫೋನ್ ಮಾಡಿ ಹೇಳ್ದೆ. ಕ್ಷಮೆಯನ್ನೂ ಕೇಳ್ದೆ. ಈಗ ಬಿನ್ನಿಪೇಟೆಗೆ, ಆನಂದ್ ಮನೆಗೆ ಹೋಗ್ತಾ ಇದೀನಿ."

"ಏನ್ ಬಂದಿದೆ ನಿನಗೆ? ನಮ್ಮ ಮೇಧಾ ಹೀಗಿರ್ಲಿಲ್ಲ!"

"ಅದೇ ಮೇಧಾನೇ ಅಪ್ಪಾ. ಈ ಪುಟಾನೂ ಒಳಗೇ ಇತ್ತು. ಕಾವು ಏರ್ಸಿದ್ದು ನೀವು."

ಅವರು ಬಾಗಿಲಿಗೆ ಅಡ್ಡ ನಿಂತರು. ಅವಳು ಕಾದಳು, ಆದರೆ ಹಿಂದೆ ಸರಿಯಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ವತ್ಸಲಾ ಬಂದು ಮಗಳ ಕೈಗೆ ಬಿಸಿ ಡಬ್ಬಿಯೊಂದನ್ನಿಟ್ಟರು. "ಬರಿಗೈಲಿ ಹೋಗ್ಬಾರ್ದು," ಎಂದವರು ಗಂಡನ ಕಡೆ ತಿರುಗಿದರು. "ದಾರಿ ಬಿಡ್ರೀ."

ಬಿನ್ನಿಪೇಟೆಯ ಮನೆಯ ಬಾಗಿಲು ತೆಗೆದದ್ದು ಆನಂದನ ತಾಯಿ ಅಂಜಮ್ಮ. ರೇಷ್ಮೆಸೀರೆ ನೋಡಿ ಗಾಬರಿಯಾದರು. "ಯಾರಮ್ಮ? ಯಾರ್ ಬೇಕಿತ್ತು?"

"ನಾನು ಮೇಧಾ. ಗಂಡು ನೋಡೋಕೆ ಬಂದಿದೀನಿ."

ಒಳಗೆ ಟಿವಿ ಆಫ್ ಆಯಿತು. ತಂದೆ ಉಗ್ರಪ್ಪ ಬನಿಯನ್ ಮೇಲೆ ಅಂಗಿ ಹುಡುಕಿದರು. ತಂಗಿ ಶೋಭಾರಾಣಿ ಮಾತ್ರ ಕಿಸಕ್ಕನೆ ನಕ್ಕು, "ಗಂಡಿನ ಕೈಲೇ ಕಾಫಿ ಕಳಿಸ್ತೀನಿ, ಕೂತ್ಕೊಳಿ ಅಕ್ಕಾ," ಎಂದು ಒಳಗೋಡಿದಳು.

ಆನಂದ್ ಬಂದ. ಅರ್ಧ ಗಡ್ಡ ಹೆರೆದಾಗಿತ್ತು, ಇನ್ನರ್ಧಕ್ಕೆ ಸೋಪಿತ್ತು. ಕೈಲಿದ್ದ ಕಾಫಿ ತಟ್ಟೆಯನ್ನು ಅವಳ ಮುಂದಿಟ್ಟ.

"ಹಾಡು ಬರತ್ತಾ?" ಮೇಧಾ ಕೇಳಿದಳು.

"ಮೇಧಾ, ಪ್ಲೀಸ್..."

"ತಲೆ ಎತ್ಕೊಂಡ್ ಮಾತಾಡೋಕಾದ್ರೂ ಬರತ್ತಾ?"

ಶೋಭಾರಾಣಿ ಬಾಯಿಗೆ ಸೆರಗಿನಂತೆ ದುಪಟ್ಟಾ ತುರುಕಿಕೊಂಡಳು. ಮೇಧಾಗೆ ನಗು ಬರಲಿಲ್ಲ. ಇವನು ಈಗಲೂ ನೆಲ ನೋಡಿದರೆ, ಈ ಡಬ್ಬಿ ಇಲ್ಲಿಟ್ಟು ಒಬ್ಬಳೇ ಮೆಟ್ಟಿಲಿಳಿಯಬೇಕು.

"ನಾನು ನಿನ್ನ ಒಪ್ಪಿದೀನಿ," ಅಂದಳು. "ನಮ್ಮಪ್ಪ ಏನಂದ್ರು ಅಂತ ಬೇಡ. ನೀನೇನಂತೀಯ?"

"ಒಪ್ಪಿಗೆ," ಅವನು ಪಿಸುಗುಟ್ಟಿದ.

"ಏನೋ ಅದು ಗುಸುಗುಸು!" ಉಗ್ರಪ್ಪ ಗುಡುಗಿದರು. "ಮಿಲ್ ಗೇಟಲ್ಲಿ ಸ್ಟ್ರೈಕ್ ಕೂತೋನ ಮಗ ನೀನು. ಬೀದಿಗೆ ಕೇಳ್ಸೋ ಹಂಗೆ ಹೇಳು!"

"ಒಪ್ಪಿಗೆ!" ಆನಂದ್ ತಲೆ ಎತ್ತಿದ. ಕೆನ್ನೆಯ ಸೋಪಿನ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅಂಜಮ್ಮನೂ ಸುಮ್ಮನೆ ಕಣ್ಣೊರೆಸಿಕೊಂಡರು.

ಮೇಧಾಳ ಫೋನ್ ರಿಂಗಾಯಿತು. ಅಪ್ಪ. ಅವಳು ಎತ್ತುವ ಮೊದಲೇ ಆನಂದ್ ಕೈಚಾಚಿ ತೆಗೆದುಕೊಂಡ.

"ಸಾರ್, ನಾನು ಆನಂದ್. ಅವತ್ತು ನಿಮ್ಮ ಮುಂದೆ ತಲೆ ಆಡ್ಸಿದ್ದು ನನ್ನ ತಪ್ಪು. ನಿಮ್ಮ ಮಗಳು ಬಂದು ನನ್ನ ನೋಡಿ ಒಪ್ಪಿದಾರೆ. ಇನ್ಮೇಲೆ ನೀವು ಕೈ ಮುಗಿದ್ರೂ ಕಾಲಿಗೆ ಬೀಳೋನು ನಾನೇ ಸಾರ್, ಅವ್ರನ್ನ ಬಿಡೋನು ಮಾತ್ರ ಅಲ್ಲ."

ಆ ಕಡೆ ವೆಂಕಟಗಿರಿಯವರ ಹಿಂದಿನಿಂದ ವತ್ಸಲಾ ಅವರ ದನಿ ಕೇಳಿಸಿತು: "ಕೇಸರಿಬಾತ್ ಆರೋಗತ್ತೆ, ಮೊದ್ಲು ಎಲ್ರೂ ತಿನ್ನಿ ಅಂತ ಹೇಳ್ರೀ."

ಮೇಧಾ ಡಬ್ಬಿಯ ಮುಚ್ಚಳ ತೆಗೆದಳು. ಇನ್ನೂ ಹಬೆಯಾಡುತ್ತಿತ್ತು.