ಕರಿಮಣಿ ಪೋಣಿಸುವ ಕೈ

ಸಪನಾ ಎಸೆದ ಇಕ್ಕಳ ರತ್ನದೀಪನ ಎಡ ಹುಬ್ಬಿಗೆ ಬಡಿಯಿತು. ಪ್ರೇಮದ ಕಥೆ ಹೀಗೆಲ್ಲ ಶುರುವಾಗುತ್ತದೆಯೇ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ನನ್ನದೇನೂ ಅಭ್ಯಂತರವಿಲ್ಲ. ಈ ಕಥೆ ಶುರುವಾದದ್ದು ರಕ್ತ ಸುರಿದೇ.

ಬೀದರದ ಚೌಬಾರಾ ಗೋಪುರದಿಂದ ಇಳಿಯುವ ಗಲ್ಲಿಯಲ್ಲಿ ಸಪನಾಳ ಅಂಗಡಿ. ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಗಾಜಿನ ಕಪಾಟಿನಲ್ಲಿ ಅವಳೇ ಡಿಸೈನ್ ಮಾಡಿದ ಬೆಳ್ಳಿಯ ಝುಮಕಿ, ಹಿತ್ತಾಳೆ ತಂತಿಯ ಬಳೆ, ರೇಷ್ಮೆ ದಾರದ ಹಾರ. ಮೇಜಿನ ಮೇಲೆ ಗ್ಯಾಸ್ ಟಾರ್ಚು, ಸುತ್ತಿಗೆ, ಬೆಳ್ಳಿ ಬಡಿಯುವ ಪುಟ್ಟ ಅಡಿಗಲ್ಲು. ಕಾಲೇಜು ಹುಡುಗಿಯರು ಹೊಸ ಡಿಸೈನ್ ಕೇಳಿಕೊಂಡು ಬರುತ್ತಿದ್ದರು, ಅವರ ಅವ್ವಂದಿರು ಹರಿದ ಸರ ಹಿಡಿದುಕೊಂಡು ಬರುತ್ತಿದ್ದರು.

ಅಂಗಡಿಗೆ ಅವಳದೇ ಒಂದು ಕಾನೂನಿತ್ತು. ಮಂಗಳಸೂತ್ರದ ರಿಪೇರಿಗೆ ಹೆಂಗಸೇ ಬರಬೇಕು. ಬರಿಗೊರಳಲ್ಲಿ ಇರಬಾರದೆಂದು ಅವರು ಒಂದು ಅರಿಶಿನ ದಾರ ಕಟ್ಟಿಕೊಂಡು ಅವಳ ಮುಂದಿನ ಸ್ಟೂಲಿನಲ್ಲಿ ಕೂರುತ್ತಿದ್ದರು. ಸರ ಕೂಡಿದ್ದೇ ತಡ ಹಾಕಿಕೊಂಡು ಏಳುತ್ತಿದ್ದರು. ಗಂಡಸೊಬ್ಬ ಒಬ್ಬನೇ ಮಂಗಳಸೂತ್ರ ಹಿಡಿದು ಬಂದನೆಂದರೆ ಸಪನಾಳ ಮೈ ಉರಿಯುತ್ತಿತ್ತು. ಆ ಹೆಂಗಸು ಹೊರಗೆ ಮುಖ ತೋರಿಸುವ ಸ್ಥಿತಿಯಲ್ಲಿಲ್ಲ ಎಂದೇ ಅವಳಿಗೆ ಅನಿಸುತ್ತಿತ್ತು.

ಆ ದಿನ ಬಂದವನು ಖಾಕಿ ಅಂಗಿಯ ಬಸ್ ಕಂಡಕ್ಟರ್ ರತ್ನದೀಪ. ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದ. ಕರಿಮಣಿ ಸರ ಎರಡು ಕಡೆ ಹರಿದಿತ್ತು. ಕೊಂಡಿಗಳ ಸಂದಿಯಲ್ಲಿ ಒಣಗಿದ ರಕ್ತ, ಸಿಕ್ಕಿಕೊಂಡ ಉದ್ದನೆಯ ಕೂದಲು.

"ಜರಾ ಜಲ್ದಿ ಆಗ್ತದೇನ್ರಿ? ನನ್ನ ಬಸ್ ಬಿಡೋ ಟೈಮ್ ಆಗ್ಯಾದ," ಎಂದ.

"ಎಷ್ಟು ಜೋರ ಎಳದೀರಿ?"

"ಏನಂದ್ರಿ?"

"ಕೊರಳಾಗ ಕೈ ಹಾಕಿ ಎಳದೀರಲ್ಲ, ಎಷ್ಟು ಜೋರ ಎಳದೀರಿ ಅಂತ ಕೇಳ್ಲತ್ತೀನಿ. ಕೂದಲಾ ಸೈತ ಕಿತ್ತು ಬಂದಾವ!"

ಅವನು ಬಾಯಿ ತೆರೆದ. ಇಕ್ಕಳ ಹಾರಿತು.

ಪಕ್ಕದ ಬಳೆ ಅಂಗಡಿಯ ಬಿಸ್ಮಿಲ್ಲಾಬೀ ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು. "ಯಾ ಅಲ್ಲಾ! ಗಿರಾಕಿಗೆ ಹೊಡೀತಾರೇನ ಬೇಟಿ? ಹಿಂಗಾದ್ರ ನಿನ್ನ ಅಂಗಡಿಗಿ ಯಾರು ಬರ್ತಾರ?"

ಕಂಡಕ್ಟರ್ ಹುಬ್ಬನ್ನು ಅಂಗೈಯಿಂದ ಒತ್ತಿ ಹಿಡಿದಿದ್ದ. ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿಯ ಕಾಲರು ತೊಯ್ದಿತ್ತು. ಆದರೂ ದನಿ ಏರಿಸಲಿಲ್ಲ. "ಸರ ನನ್ನ ತಂಗೀದ್ರಿ. ಪೂನಮ ಅಂತ. ಭಾಲ್ಕಿಗಿ ಕೊಟ್ಟೀವಿ. ಎಳದಾವ ಅಕಿ ಗಂಡ. ನಿನ್ನಿ ಹೋಗಿ ಕರ್ಕೊಂಡು ಬಂದೀನಿ." ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿ ಹೇಳಿದ: "ನೀವು ಹೊಡೀಬೇಕಾಗಿದ್ದು ಅವಗ್ರಿ. ಆದ್ರ ನಿಶಾನಿ ಭಾರಿ ಛಲೋ ಅದ ನಿಮ್ದು."

ಸಪನಾಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಗಾಯ ತೊಳೆದು ಹತ್ತಿ ಒತ್ತಿದಳು. ಮುತ್ತಿನಷ್ಟು ಸಣ್ಣ ಕೊಂಡಿ ಹಿಡಿದರೂ ಅಲುಗದ ಅವಳ ಬೆರಳು ಹತ್ತಿಯನ್ನು ಎರಡು ಸಲ ಕೆಳಗೆ ಬೀಳಿಸಿದವು. ಅವನು ಕಣ್ಣು ಮುಚ್ಚಿಕೊಂಡಿದ್ದ. ಮುಚ್ಚಿದ ಹಾಗೆ ಮಾಡಿ ರೆಪ್ಪೆಯ ಕೆಳಗಿಂದ ತನ್ನನ್ನೇ ನೋಡುತ್ತಿದ್ದಾನೆ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು.

"ತಪ್ಪಾತ್ರಿ," ಎಂದಳು.

"ಇನ್ನೊಮ್ಮಿ ಅನ್ರಿ. ಈ ಕಡಿ ಕಿವಿಗಿ ಕೇಳ್ಲಿಲ್ಲ."

"ಇಕ್ಕಳ ಇನ್ನೂ ಇಲ್ಲೇ ಅದ್ರಿ," ಎಂದಳು ಸಪನಾ. ಅವನು ನಕ್ಕ. ನಕ್ಕದ್ದಕ್ಕೆ ಗಾಯ ಮತ್ತೆ ಬಿರಿಯಿತು.

ಮರುದಿನ ಅವನು ತಂಗಿಯನ್ನೇ ಕರೆದುಕೊಂಡು ಬಂದ. ಪೂನಮಳ ಕೊರಳ ಸುತ್ತ ಸರ ಕೊಯ್ದ ಕೆಂಪು ಗೆರೆಯಿತ್ತು, ತುಟಿ ಊದಿತ್ತು. ಅರಿಶಿನ ದಾರ ಕಟ್ಟಲು ಸಪನಾ ಕೈ ಚಾಚಿದರೆ ಹುಡುಗಿ ಹಿಂದೆ ಸರಿದಳು. "ಕೂಡ್ಸಬ್ಯಾಡಕ್ಕಾ. ಕರಗ್ಸು. ನನಗ ಝುಮಕಿ ಮಾಡಿ ಕೊಡು."

"ತಾಳಿ ಬಂಗಾರದ್ದೇ ಝುಮಕಿ?"

"ಹೂಂ. ಕೊರಳಾಗಿದ್ರ ಎಳೀತಾನ."

ಸಪನಾ ಟಾರ್ಚು ಹೊತ್ತಿಸಿದಳು. ತಾಳಿಯ ಎರಡು ಬಟ್ಟಲು ಮೂಸೆಯಲ್ಲಿ ಕರಗಿ ಒಂದು ಹನಿಯಾದವು. ಆ ಝುಮಕಿ ಹಾಕಿಕೊಂಡ ದಿನದಿಂದ ಪೂನಮ ಅಂಗಡಿಯಲ್ಲೇ ಮಣಿ ಪೋಣಿಸಲು ಕೂತಳು. ಅಣ್ಣ ತಂಗಿ ಒಂದು ಬಾಡಿಗೆ ಮನೆ ಹಿಡಿದರು.

ರತ್ನದೀಪನಿಗೆ ಅಂಗಡಿಗೆ ಬರಲು ತಂಗಿಯೆಂಬ ನೆಪ ಸಾಕಿತ್ತು. ಆದರೂ ಪುಣ್ಯಾತ್ಮ ಬೇರೆ ಬೇರೆ ನೆಪ ತರುತ್ತಿದ್ದ. ಅಂಗಿಯ ಗುಂಡಿ, ಬೀಗದ ಗೊಂಚಲು, ಕೊನೆಗೆ ಊದುವ ಸೀಟಿಯ ಸರಪಳಿ.

"ಇದು ಮೊನ್ನಿ ತಾನೇ ಕೂಡ್ಸಿ ಕೊಟ್ಟೀನಲ್ರಿ?"

"ಮತ್ತ ಹರೀತ್ರಿ."

"ತಾನಾಗೇ ಹರೀತೋ, ಹರದೀರೋ?"

ಅವನು ಮೇಜಿನ ಮೇಲಿನ ಇಕ್ಕಳವನ್ನು ದೂರ ಸರಿಸಿ ಹೇಳಿದ: "ಹರದೀನ್ರಿ."

ಪೂನಮ ಮಣಿಯ ತಟ್ಟೆಗೆ ಮುಖ ಬಗ್ಗಿಸಿ ಕಿಸಕ್ಕನೆ ನಕ್ಕಳು. ಸಪನಾ ಸಿಟ್ಟು ಮಾಡಿಕೊಳ್ಳಬೇಕೆಂದು ತಲೆಯೆತ್ತಿದಳು. ಅವನ ಕಣ್ಣು ಅವಳ ಹಣೆಯ ಬೆವರಿಗೆ ಅಂಟಿದ ಕೂದಲಿನ ಮೇಲೆ ನಿಂತಿತ್ತು. ಅವಳು ಕೂದಲು ಹಿಂದೆ ಸರಿಸಿಕೊಂಡಳು. ಅವನ ಕಣ್ಣು ಬೆರಳ ಜೊತೆಗೇ ಕಿವಿಯ ತನಕ ಹೋಯಿತು. ಅವಳ ಕಿವಿ ಬಿಸಿಯಾಯಿತು.

ಒಂದು ಭಾನುವಾರ ಮೂವರೂ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋದರು. ಪೂನಮ ಬೇಕೆಂದೇ ಮುಂದೆ ಮುಂದೆ ನಡೆದು ಗುಮ್ಮಟಗಳ ಆಚೆ ಮರೆಯಾದಳು. ರತ್ನದೀಪ ಮದುವೆಯ ಮಾತು ಕೇಳಿಯೇಬಿಟ್ಟ.

ಸಪನಾ ತನ್ನ ಬೆರಳು ನೋಡಿಕೊಂಡು ಹೇಳಿದಳು: "ಈ ಕೆಲಸ ನಾ ಎಲ್ಲಿ ಕಲ್ತೀನಿ ಗೊತ್ತೇನ್ರಿ? ನಮ್ಮಪ್ಪ ನಮ್ಮವ್ವನ ಕೊರಳಿಗಿ ಕೈ ಹಾಕಿ ಎಳೀತಿದ್ದ. ಕರಿಮಣಿ ಮನಿ ತುಂಬಾ ಹಾರ್ತಿದ್ವು. ಮಂಚದ ಕೆಳಗ ಹೊಕ್ಕು ಆರಿಸ್ಕೊಂಡು ಬಂದು ನಾನೇ ಪೋಣಸ್ತಿದ್ದೆ. ಮುಂಜಾನಿ ಅಪ್ಪ ಒಂದೇ ಮಾತು ಅಂತಿದ್ದ: ಸಿಟ್ಟಿನಾಗ ನನಗ ಖಬರ್ ಇರ್ಲಿಲ್ಲ, ಏನ್ ಮಾಡೀನೋ ಗೊತ್ತಿಲ್ಲ. ಅವ್ವ ಸಾಯೋತನಕ ಅದೇ ಮಾತು." ಅವಳು ಅವನ ಕಡೆ ತಿರುಗಿದಳು. "ಕೈ ಎತ್ತೋ ಗಂಡಸು ನನಗ ಬ್ಯಾಡ್ರಿ. ನನ್ನ ಮ್ಯಾಲಷ್ಟೇ ಅಲ್ಲ, ಯಾರ ಮ್ಯಾಲೂ. ಅಷ್ಟು ಮಾತು ಕೊಟ್ರ ಹೂಂ ಅಂತೇನಿ."

"ಕೊಟ್ಟೀನ್ರಿ ಮಾತು. ಈ ಕೈಗಿ ಟಿಕೀಟ್ ಕೊಡೋದಷ್ಟೇ ಬರ್ತದ್ರಿ," ಎಂದ ಅವನು. ಅವಳು ಆ ಕೈಯನ್ನು ನೋಡಿದಳು. ಜೀವನದಲ್ಲಿ ಮೊದಲ ಸಲ ಗಂಡಸಿನ ಕೈಯೊಂದು ಅವಳಿಗೆ ಚೆಂದ ಕಂಡಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ.

ಹೆಂಡತಿ ತಾಳಿ ಕರಗಿಸಿ ಝುಮಕಿ ಮಾಡಿಸಿಕೊಂಡಳೆಂಬ ಸುದ್ದಿ ಭಾಲ್ಕಿಗೆ ಮುಟ್ಟಿತು. ಪೂನಮಳ ಗಂಡ ಕಾಶೀರಾಮ ಮಟಮಟ ಮಧ್ಯಾಹ್ನ ಬಂದ. ಕುಡಿದಿರಲಿಲ್ಲ, ತಿಳಿದುಕೊಳ್ಳಿ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಪೌಡರು ಹಚ್ಚಿದ ಮುಖ. ಒಳಗೆ ಬಂದವನೇ ಪೂನಮಳ ಜಡೆಯನ್ನು ಕೈಗೆ ಸುತ್ತಿಕೊಂಡ.

"ನನ್ನ ತಾಳಿ ಕಿವಿಗಿ ಹಾಕೊಂಡು ಕುಂತೀಯೇನಲೇ?"

ಎಳೆದ. ಇನ್ನೊಂದು ಕೈಯಿಂದ ಹಿಡಿದಿದ್ದ ಬಲಗಡೆಯ ಝುಮಕಿ ಅವನ ಮುಷ್ಟಿಗೆ ಬಂತು, ಅದರ ಜೊತೆಗೆ ಕಿವಿಯ ಹಾಲೆಯೂ ಸೀಳಿತು. ಪೂನಮಳ ಕಿರುಚಾಟಕ್ಕೆ ಬಿಸ್ಮಿಲ್ಲಾಬೀ ಹೊರಗೆ ಓಡಿ "ಬಚಾವೋ!" ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದಳು.

ಸಪನಾ ಉರಿಯುತ್ತಿದ್ದ ಟಾರ್ಚನ್ನು ಎತ್ತಿ ಜಡೆ ಹಿಡಿದ ಅವನ ಮಣಿಕಟ್ಟಿಗೆ ಒಡ್ಡಿದಳು. ಸುಟ್ಟ ಕೂದಲಿನ ನಾತ ಎದ್ದಿತು. ಕಾಶೀರಾಮ ಬೊಬ್ಬೆ ಹೊಡೆದು ಜಡೆ ಬಿಟ್ಟ. ಕಾಲೆತ್ತಿ ಅವಳ ಹೊಟ್ಟೆಗೆ ಒದ್ದ. ಅವಳು ಕಪಾಟಿನ ಮೇಲೆ ಬಿದ್ದಳು. ಗಾಜು ಒಡೆಯಿತು, ಟಾರ್ಚು ಉರುಳಿ ಆರಿತು. ಅವನು ಅವಳ ಕುತ್ತಿಗೆಯ ಮೇಲೆ ಚಪ್ಪಲಿ ಕಾಲಿಟ್ಟು ಒತ್ತಿದ. ಉಸಿರು ನಿಂತು ಅವಳ ಕಣ್ಣು ಕತ್ತಲೆಗಟ್ಟಿದವು.

ಆಗ ರತ್ನದೀಪ ಬಂದ. ಕೂಗು ಕೇಳಿ ಚೌಬಾರಾದಿಂದಲೇ ಓಡಿಬಂದಿದ್ದ. ಕಾಶೀರಾಮನನ್ನು ಕಾಲರು ಹಿಡಿದು ಕೆಡವಿ ಎದೆಯ ಮೇಲೆ ಮಂಡಿ ಊರಿ ಮುಖಕ್ಕೆ ಗುದ್ದಿದ. ಮೂಗು ಒಡೆಯಿತು. ಮತ್ತೆ ಗುದ್ದಿದ. ಹಲ್ಲು ಬಿತ್ತು. ಕೆಳಗಿದ್ದವನು ಕೈ ಮುಗಿದ. ಇವನ ಕೈ ಅಡಿಗಲ್ಲಿನ ಮೇಲಿನ ಸುತ್ತಿಗೆಗೆ ಹೋಯಿತು. ಮೊದಲ ಏಟಿಗೆ ಕಾಶೀರಾಮನ ಹೆಗಲ ಮೂಳೆ ಲಟಕ್ಕೆಂದಿತು.

ಸುತ್ತಿಗೆ ಎರಡನೆಯ ಸಲ ತಲೆಯ ನೇರಕ್ಕೆ ಮೇಲೆದ್ದಿತು. ಗಾಜಿನ ಚೂರುಗಳ ಮೇಲೆ ತೆವಳಿ ಬಂದ ಸಪನಾ ಅವನ ಮುಖ ನೋಡಿದಳು. ಅದು ಅವಳಿಗೆ ಗೊತ್ತಿದ್ದ ಮುಖ. ಮಂಚದ ಕೆಳಗಿಂದ ದಿನಾ ನೋಡುತ್ತಿದ್ದ ಮುಖ.

"ಬ್ಯಾಡ್ರಿ!"

ಸುತ್ತಿಗೆ ನಿಲ್ಲಲಿಲ್ಲ. ಅವಳು ಬಲಗೈಯನ್ನು ಕಾಶೀರಾಮನ ಹಣೆಯ ಮೇಲೆ ಚಾಚಿಬಿಟ್ಟಳು.

ಎರಡು ಬೆರಳು ನಜ್ಜುಗುಜ್ಜಾದವು.

ಪೊಲೀಸರು ಎರಡೂ ಕಡೆಯ ಕೇಸು ಬರೆದುಕೊಂಡರು. ಕಾಶೀರಾಮ ಆಸ್ಪತ್ರೆಯಿಂದ ನೇರ ಜೈಲಿಗೆ ಹೋದ. ರತ್ನದೀಪನಿಗೆ ಜಾಮೀನು ಸಿಕ್ಕಿತು, ಕೆಲಸವೂ ಉಳಿಯಿತು. ಅವನು ಮಾತ್ರ ಗಲ್ಲಿಯ ಕಡೆ ತಲೆ ಹಾಕಲಿಲ್ಲ. ಬೆಳಗಾಗುವ ಮೊದಲೇ ಹೊರಡುವ ಔರಾದ ರೂಟು ಕೇಳಿ ಹಾಕಿಸಿಕೊಂಡನಂತೆ.

ಸಪನಾಳ ಬೆರಳಿಗೆ ತಂತಿ ಹಾಕಿ ಪ್ಲಾಸ್ಟರು ಸುತ್ತಿದ್ದರು. ಅವು ಮತ್ತೆ ಮಡಚುತ್ತವೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. ಕಿವಿಗೆ ಹೊಲಿಗೆ ಹಾಕಿಸಿಕೊಂಡ ಪೂನಮ ಅವಳಿಗೆ ತುತ್ತು ಮಾಡಿ ಉಣಿಸುತ್ತ ಹೇಳಿದಳು: "ಅಣ್ಣಗ ಸಿಟ್ ಮಾಡಬ್ಯಾಡಕ್ಕಾ. ಆ ಹೊತ್ತಿನಾಗ ಅವಗ ಖಬರೇ ಇರ್ಲಿಲ್ಲ."

ಸಪನಾ ತಟ್ಟೆ ಸರಿಸಿದಳು. ಆ ಒಂದು ಮಾತನ್ನು ಅವನ ಬಾಯಿಯಿಂದಲೂ ಕೇಳಿದರೆ ಮುಗಿಯಿತು, ಅವನ ಮುಖ ಮತ್ತೆಂದೂ ನೋಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಳು. ಪ್ಲಾಸ್ಟರು ಇನ್ನೂ ಬಿಚ್ಚಿರಲಿಲ್ಲ, ಅವನನ್ನೇ ಕೇಳಲು ಹೊರಟೇಬಿಟ್ಟಳು.

ಔರಾದ ಬಸ್ಸಿನಲ್ಲಿ ಅವನು ಸೀಟಿನಿಂದ ಸೀಟಿಗೆ ಬರುತ್ತ ಅವಳ ಮುಂದೆ ಬಂದು ಕಲ್ಲಾಗಿ ನಿಂತ. ಹಿಂದಿನವರು ಚಿಲ್ಲರೆ ಕೇಳುತ್ತಿದ್ದರು.

"ಎಲ್ಲಿಗ್ರಿ?"

"ಔರಾದ."

"ಆಧಾರ ಕಾರ್ಡ್ ತೋರಸ್ರಿ." ಹೆಂಗಸರಿಗೆ ಟಿಕೀಟು ಫ್ರೀ, ಕಾರ್ಡ್ ನೋಡಬೇಕೆಂಬುದು ನಿಯಮ. ಬಾಯಿಗೆ ಅದೊಂದೇ ಬಂತು, ಪಾಪ.

"ನನಗ ಬ್ಯಾಗ್ ತೆಗೀಲಿಕ್ಕ ಬರಂಗಿಲ್ಲ. ನೀವೇ ತಗೋರಿ."

ಅವನು ಬಗ್ಗಿ ಅವಳ ತೊಡೆಯ ಮೇಲಿನ ಬ್ಯಾಗಿನ ಜಿಪ್ಪು ಎಳೆದ. ಪ್ಲಾಸ್ಟರಿಗೆ ತಾಗದಂತೆ ಉಸಿರು ಬಿಗಿಹಿಡಿದು ಕಾರ್ಡು ತೆಗೆದ. ನೋಡದೆಯೇ ಮತ್ತೆ ಒಳಗಿಟ್ಟ. ಅವನ ಕಣ್ಣಿನ ನೀರು ಅವಳ ದುಪಟ್ಟಾದ ಮೇಲೆ ಬಿತ್ತು.

ಸಂತಪುರದಲ್ಲಿ ಅರ್ಧ ಬಸ್ಸು ಇಳಿಯಿತು, ಔರಾದದಲ್ಲಿ ಪೂರ್ತಿ. ಡ್ರೈವರ್ ಚಹಾಕ್ಕೆ ಹೋದ. ಖಾಲಿ ಬಸ್ಸಿನಲ್ಲಿ ಅವಳು ಕೂತೇ ಇದ್ದಳು, ಅವನು ನಿಂತೇ ಇದ್ದ.

"ನಿಮಗ ಖಬರ್ ಇರ್ಲಿಲ್ಲಂತಲ್ರಿ, ಪೂನಮ ಅಂದ್ಳು."

"ಸುಳ್ಳದು," ಎಂದ ರತ್ನದೀಪ. "ಎಲ್ಲಾ ಖಬರ್ ಇತ್ತು. ನೀವು ಬ್ಯಾಡ್ರಿ ಅಂದಿದ್ದು ಕೇಳಸ್ತು. ಕೇಳಿನೂ ಹೊಡದೀನಿ. ನಿಮ್ಮ ಕೈ ಬಂದಿದ್ದು ಕಾಣ್ಲಿಲ್ಲ, ಅದೊಂದೇ ಖರೇ. ಅವನ ತಲಿ ಒಡೀಬೇಕಂತಿತ್ತು ನನಗ. ಹೊಡ್ಯಾಗ ಖುಷಿ ಆಗ್ಲತ್ತಿತ್ರಿ." ಮುಖ ತಿರುಗಿಸಿಕೊಂಡ. "ಮಾತು ಕೊಟ್ಟಿದ್ದೆ, ತಪ್ಪೀನಿ. ಯಾವ ಮುಖ ಹೊತ್ತು ಬರಬೇಕು?"

ಸಪನಾ ಅತ್ತಳು. ಅವ್ವ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಅಪ್ಪನ ಬಾಯಿಂದ ಒಂದೇ ಒಂದು ಸಲ ಬರಲೆಂದು ಅವಳು ಕಾದಿದ್ದ ಮಾತು ಅದು, ಖಬರ್ ಇತ್ತು ಎಂಬುದು.

"ನಾನೂ ಒಂದು ಹೇಳ್ತೇನಿ, ಕೇಳ್ರಿ. ಟಾರ್ಚ್ ಅವನ ಕೈಗಿ ಹಿಡದೆ ನೋಡ್ರಿ, ಮನಸಿನಾಗ ಅವನ ಮುಖಾ ಸುಡೋದೇ ಇತ್ತು. ಸುಡ್ಲತ್ತಿದ್ದ ನಾತಕ್ಕ ನನಗೂ ಖುಷಿ ಆಗಿತ್ತು. ನಾನೂ ನಮ್ಮಪ್ಪನ ಮಗಳೇರಿ." ಕಣ್ಣೊರೆಸಿಕೊಂಡಳು. "ಕೈ ಇಟ್ಟಿದ್ದು ಅವನ ತಲಿ ಉಳಸ್ಲಿಕ್ಕಲ್ಲ. ನೀವು ಬೇಕಾಗಿದ್ರಿ ನನಗ. ಅವ ಸತ್ರ ನಿಮಗ ಒಳಗ ಹಾಕ್ತಿದ್ರು. ಈಗೂ ಬೇಕು. ಆದ್ರ ಅಂಜಿಕಿ ಬರ್ತದ."

"ಅಂಜಿಕಿ ಹೋಗ್ದಿದ್ರ?"

"ಹೋಗ್ದಿದ್ರ ಹೇಳ್ತೇನಿ. ಅವತ್ತು ನೀವು ತಕರಾರಿಲ್ದ ನನ್ನ ಬಿಟ್ಟು ಹೋಗಬೇಕು. ಅಲ್ಲೀತನಕ ದಿನಾ ಬರ್ರಿ. ನನಗ ಬಲಗೈ ಇಲ್ಲ, ಅಂಗಡಿ ನಡೀಬೇಕು. ಡ್ಯೂಟಿ ಮುಗಿಸ್ಕೊಂಡು ಬಂದು ಮಣಿ ಪೋಣಸ್ರಿ."

"ನನಗ ಬರಂಗಿಲ್ರಿ."

"ಕಲಸ್ತೇನಿ."

ಡ್ರೈವರ್ ಬಂದು ಹಾರ್ನ್ ಹೊಡೆದ. ಬೀದರದ ಕಡೆ ಹೋಗುವವರು ಬಾಗಿಲಿಗೆ ಮುಗಿಬಿದ್ದರು. ದಾರಿ ಬಿಡಲೆಂದು ರತ್ನದೀಪ ಪಕ್ಕಕ್ಕೆ ಸರಿದು ಮೇಲಿನ ಸರಳು ಹಿಡಿಯಲು ಥಟ್ಟನೆ ಕೈ ಎತ್ತಿದ. ಸಪನಾ ಬೆಚ್ಚಿಬಿದ್ದು ಪ್ಲಾಸ್ಟರಿನ ಕೈಯನ್ನು ತಲೆಗೆ ಅಡ್ಡ ಹಿಡಿದಳು.

ಅವನು ನೋಡಿದ. ಅವನ ಮುಖ ಬಿಳಿಚಿತು. ಎತ್ತಿದ ಕೈಯನ್ನು ಮೆಲ್ಲಗೆ, ಅವಳ ಕಣ್ಣಿಗೆ ಕಾಣುವ ಹಾಗೆ ಕೆಳಗಿಳಿಸಿದ. ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದು ಸುಮ್ಮನೆ ನಿಂತ. ಜನ ಅವನನ್ನು ನೂಕಿಕೊಂಡು ಹೋದರು, ಬೈದರು. ಅವನು ಅಲುಗಲಿಲ್ಲ.

ಬಸ್ಸು ಹೊರಟು ಊರು ದಾಟಿದ ಮೇಲೆ ಸಪನಾ ಎಡಗೈಯನ್ನು ಆ ಅಂಗೈಯಲ್ಲಿಟ್ಟಳು. ಅಂಜಿಕೆ ಇನ್ನೂ ಹೋಗಿರಲಿಲ್ಲ. ಆದರೂ ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.