ಯಾರೂ ಒಡೆಯದ ಬಳೆ

"ಒಳಗ ಹೋಗ್ರಿ, ನೋಡ್ರಿ, ಬರ್ರಿ. ಗೂಡಿನಾಗಿನ ಬಳಿ ಮಾತ್ರ ಕೈಗೆ ಏರಿಸಬ್ಯಾಡ್ರಿ ಯವ್ವಾ," ಎಂದಳು ಬಡೇಬೀ, ಊರ ಅಗಸಿ ಬಾಗಿಲ ನೆರಳಲ್ಲಿ ಆಡು ಹಿಡಿದು ಕುಳಿತಿದ್ದ ಮುದುಕಿ.

ಶ್ರೀಪ್ರಿಯಾ ನಕ್ಕಳು. "ಯಾಕ, ಕಡೀತಾವೇನು?"

ಬಡೇಬೀ ನಗಲಿಲ್ಲ.

ಕೃಷ್ಣೆಯ ದಂಡೆಯ ಆ ಹಳೇ ಊರು ರಾಯಚೂರು ನಗರದಿಂದ ಬಹಳ ದೂರವಿರಲಿಲ್ಲ. ಆದರೂ ನಗರದ ಗದ್ದಲ ಅಗಸಿ ದಾಟುತ್ತಿರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಶ್ರೀಪ್ರಿಯಾ ಅಲ್ಲಿನ ಕೆತ್ತನೆಯ ಬಾಗಿಲುಗಳ ಫೋಟೊ ತೆಗೆಯಲು ಬಂದಿದ್ದಳು. ಗಂಡ ವಿಶ್ವೇಶ ಕಾರಿಗೆ ನೆರಳು ಹುಡುಕುತ್ತ ಹಿಂದೆ ಉಳಿದ.

ಓಣಿಯಲ್ಲಿ ಹಸಿ ಮಣ್ಣಿನ ವಾಸನೆ. ಅದರಡಿಯಲ್ಲಿ ಕೂದಲು ಸುಟ್ಟ ಕಮಟು. ಮಧ್ಯಾಹ್ನದ ಬಿಸಿಲು ಗೋಡೆಗಳ ತುದಿಯಲ್ಲೇ ನಿಂತು, ಕೆಳಗೆ ಕತ್ತಲು ಕವಿದಿತ್ತು. ಒಂದು ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಕುಂಕುಮ ಮೆತ್ತಿದ ಹಸಿರು ಗಾಜಿನ ಬಳೆಗಳಿದ್ದವು. ಬಡೇಬೀಯ ಮುಖ ನೆನಪಾಗಿ ಮತ್ತೆ ನಗು ಬಂತು. ಏರಿಸಿಕೊಂಡಳು. ಅವಳ ಅಳತೆಗೇ ಮಾಡಿಸಿದಂತೆ ಕೂತವು. ಆ ಕೈಯದೇ ಒಂದು ಫೋಟೊ ತೆಗೆದು, ಬಂದ ದಾರಿಯಲ್ಲೇ ಹಿಂದಿರುಗಿದಳು.

ಓಣಿ ಹೊಳೆಗೆ ಹೋಗಿ ಮುಟ್ಟಿತು.

ತಿರುಗಿದಳು. ಮತ್ತೆ ಹೊಳೆ. ಇನ್ನೊಂದು ಓಣಿ ಹಿಡಿದಳು. ಅದೇ ನೀರು, ಸದ್ದೇ ಇಲ್ಲದೆ ಹರಿಯುವ ನೀರು. ಬಳೆ ಎಳೆದಳು. ಮಣಿಕಟ್ಟು ಕೆಂಪಾಯಿತು. ಬಳೆ ಜರುಗಲಿಲ್ಲ.

"ಎಳೀಬ್ಯಾಡ, ಬರೂದಿಲ್ಲ."

ತಿರುಗಿದರೆ ಮತ್ತೆ ಗೂಡಿದ್ದ ಅದೇ ಮನೆ. ಅದರ ಕಟ್ಟೆಯ ಮೇಲೆ ಕಚ್ಚೆ ಸೀರೆಯ ಮುದುಕಿಯೊಬ್ಬಳು ಕುಳಿತಿದ್ದಳು. ಜಯಾಬಾಯಿ ಎಂದು ಹೆಸರು ಹೇಳಿಕೊಂಡಳು. "ಈ ಮನಿ ಸೊಸಿ ಮಾಟ ಮಾಡಿಸಿದ ಬಳಿ ಅವು. ಗಂಡ ಬಿಟ್ಟು ಹೋಗಬಾರದಂತ. ಅವಾ ಹೋಗೇಬಿಟ್ಟ. ಮಾಟ ಉಳೀತು. ಒಬ್ಬಾಕಿ ತೊಟ್ರ ಗೂಡಿನಾಗ ಮತ್ತ ಹುಟ್ಟತಾವ. ತೊಟ್ಟಾಕಿ ಊರು ದಾಟೂದಿಲ್ಲ."

"ಒಡದ್ರ?"

"ದಾರಿ ಕಾಣತದ. ಆದ್ರ ಒಡದ ಗಳಿಗಿಗೆ ನಿನ್ನ ಗಂಡನ ಉಸರು ನಿಲ್ಲತದ."

"ಯಾರರ ಒಡದು ನೋಡ್ಯಾರೇನು?"

ಜಯಾಬಾಯಿ ಓಣಿಯತ್ತ ಕಣ್ಣು ಹಾಯಿಸಿದಳು. ಆಗಲೇ ಶ್ರೀಪ್ರಿಯಾ ಕಂಡದ್ದು. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು. ಎಲ್ಲರ ಕೈಯಲ್ಲೂ ಹಸಿರು.

"ಯಾರೂ ಒಡದಿಲ್ಲವ್ವಾ," ಎಂದಳು ಜಯಾಬಾಯಿ.

ಅಷ್ಟರಲ್ಲಿ ವಿಶ್ವೇಶ ಬಂದ. "ಪ್ರಿಯಾ, ಎಲ್ಲಿದ್ದೀ?" ಕೈಯಳತೆಯಲ್ಲಿ ನಿಂತ. ಕತ್ತಿನ ಬೆವರು ಒರೆಸಿಕೊಂಡ. ಅವಳು ಕೂಗಿದಳು. ಅವನಿಗೆ ಕೇಳಲಿಲ್ಲ. ತೋಳು ಹಿಡಿಯಹೋದಳು. ಬೆರಳಿಗೆ ಬರೀ ಗಾಳಿ ತಾಕಿತು. ಅವನ ಕಣ್ಣು ಅವಳ ಮೈಯನ್ನು ಹಾಯ್ದು ಬಾಗಿಲ ಮೇಲೆ ನಿಂತಿತು.

ಕೈಗೆ ಕಲ್ಲು ಸಿಕ್ಕಿತು. ಎತ್ತಿದಳು. ಸುಳ್ಳಿರಬಹುದು. ಬರೀ ಗಾಜು. ಒಂದು ಏಟು ಸಾಕು. ಅವನ ಎದೆ ಏರಿತು. ಇಳಿಯಿತು. ಮತ್ತೆ ಏರಿತು. ಸುಳ್ಳೇ ಇರಬೇಕು. ಅವನು ಇನ್ನೊಮ್ಮೆ ಅವಳ ಹೆಸರು ಕರೆದ.

ಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು.

ವಿಶ್ವೇಶ ಕೂಗುತ್ತಲೇ ಓಣಿಯ ತಿರುವಿನಲ್ಲಿ ಮರೆಯಾದ. ದನಿ ಅಗಸಿ ದಾಟುವವರೆಗೂ ಕೇಳುತ್ತಿತ್ತು. ಆಮೇಲೆ ನಿಂತಿತು.

ಜಯಾಬಾಯಿ ಸೆರಗು ಒತ್ತಟ್ಟಿಗೆ ಎಳೆದುಕೊಂಡು, ಕಟ್ಟೆಯ ಮೇಲೆ ಅವಳಿಗೆ ಜಾಗ ಬಿಟ್ಟಳು.