ಮೊದಲನೇ ಗೇರು

ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಗಂಡನ ದೇಹ ಆಗಲೇ ಶವಾಗಾರ ಸೇರಿತ್ತು. ಹೆಡ್ ಕಾನ್‌ಸ್ಟೆಬಲ್ ‘ಅಸಹಜ ಸಾವು’ ಎಂದು ಬರೆಯಲು ಹೊರಟಾಗ ಆಕೆ ಮೇಜಿನ ಮೇಲೆ ಕೈಯಿಟ್ಟು ತಡೆದರು.

"ಕೊಲೆ ಅಂತ ಬರೀರಿ."

ಇನ್‌ಸ್ಪೆಕ್ಟರ್ ಎದ್ದು ಬಂದರು. "ಮೊದಲಿಂದ ಹೇಳಿ ಅಮ್ಮ."

ಆಕೆಯ ಕತ್ತಿನ ಚರ್ಮ ಸುಟ್ಟು ಕಪ್ಪಾಗಿತ್ತು. ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ದಿನಾ ಕರೆಂಟ್, ಅಂದರೆ ರೇಡಿಯೇಶನ್, ಕೊಡುತ್ತಿದ್ದರು. ತಗಡಿನ ಷೆಡ್ಡಿನಲ್ಲಿ ಕಾದ ಕಾರಿನೊಳಗೆ ಕೂತರೆ ಆ ಜಾಗವೆಲ್ಲ ಬೆಂಕಿ. ಅದಕ್ಕೇ ಆಕೆಯ ತಮ್ಮ ಕಾರಿಗೆ ರಿಮೋಟ್ ಸ್ಟಾರ್ಟರ್ ಕೂರಿಸಿಕೊಟ್ಟಿದ್ದ. ಮಹಡಿಯಿಂದ ಬಟನ್ ಒತ್ತಿದರೆ ಎಂಜಿನ್ ಶುರುವಾಗಿ, ಆಕೆ ಕೆಳಗಿಳಿಯುವಷ್ಟರಲ್ಲಿ ಏಸಿ ಒಳಗನ್ನು ತಂಪು ಮಾಡಿರುತ್ತಿತ್ತು.

"ಇವತ್ತೂ ಒತ್ತಿದೆ. ಇವರು ಗೇಟು ತೆಗೀತಿದ್ರು. ಕಾರು ಹೋಗಿ ಇವರನ್ನ ಗೇಟಿಗೆ ಒತ್ತಿಬಿಡ್ತು. ಬಟನ್ನು ಬರೀ ಎಂಜಿನ್ ಶುರು ಮಾಡುತ್ತೆ ಅಂತ ನನ್ನ ತಮ್ಮನೇ ಹೇಳಿದ್ದ. ಓಡಿಸೋಕೆ ಒಳಗೆ ಯಾರೋ ಕೂತಿರ್ಬೇಕಲ್ಲ ಸಾರ್?"

ಅಪರಿಚಿತ ಆರೋಪಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು. ಸತ್ತವರ ಕಸುಬು ‘ಡ್ರೈವಿಂಗ್ ಶಾಲೆ’ ಎಂದು ಓದಿದಾಗ ಇನ್‌ಸ್ಪೆಕ್ಟರ್ ಮೇಲಿದ್ದ ಹೆಸರನ್ನು ಮತ್ತೊಮ್ಮೆ ಓದಿದರು. ತಮಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಮೇಷ್ಟ್ರೇ ಅವರು.

ಮನೆಯ ಅಂಗಳ ಬೀದಿಯ ಕಡೆಗೆ ಇಳಿಜಾರಾಗಿತ್ತು. ಅಕ್ಕಪಕ್ಕದವರು ಗೇಟಿನ ಬಾಗಿಲನ್ನೇ ಕಿತ್ತು ಮೇಷ್ಟ್ರನ್ನು ಹೊರಗೆಳೆದಿದ್ದರು. ಕಾರನ್ನು ಯಾರೂ ಅಲುಗಿಸಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ‘ಪಂಚನಾಮೆ’ ಎಂದೇ ಅಡ್ಡಹೆಸರು. ಚಹದ ಲೋಟ ಒಡೆದರೂ ಇಬ್ಬರು ಸಾಕ್ಷಿಗಳನ್ನು ಕರೆಸುವ ಆಸಾಮಿ. ಅವನು ಇಂದು ತಮಾಷೆಯ ಮಾತಾಡದೆ ಬರೆದುಕೊಳ್ಳುತ್ತ ಹೋದ: ನಾಲ್ಕೂ ಬಾಗಿಲು ಲಾಕ್. ಕೀ ಮೃತರ ಜೇಬಿನಲ್ಲಿ ಸಿಕ್ಕಿದೆ. ಹ್ಯಾಂಡ್‌ಬ್ರೇಕ್ ಎಳೆದಿಲ್ಲ. ಗೇರು ಮೊದಲನೆಯದರಲ್ಲಿದೆ.

"ಗೇರಲ್ಲಿ ಹಾಕಿದ್ದಾರೆ ಸಾರ್. ಬೇಕಂತಲೇ ಮಾಡಿದ ಕೆಲಸ."

"ಹಾಕಿದ್ದು ಮೇಷ್ಟ್ರೇ ಕಣಯ್ಯ," ಎಂದರು ಇನ್‌ಸ್ಪೆಕ್ಟರ್. "ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ನಂಬಬೇಡ, ಗೇರಲ್ಲಿ ಹಾಕಿ ಇಳಿ ಅಂತ ಕಿವಿ ಹಿಂಡಿ ಕಲಿಸಿದವರು ಅವರು. ಜೀವಮಾನವಿಡೀ ಅದನ್ನೇ ಮಾಡಿದ ಕೈ ಅದು."

ಷೆಡ್ಡಿನ ಮೂಲೆಯಲ್ಲಿ ಚಕ್ರಕ್ಕೆ ಒತ್ತಾಗಿ ಇಡುವ ಮರದ ತುಂಡೊಂದಿತ್ತು. ರಿಮೋಟ್ ಬಂದಂದಿನಿಂದ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಆ ತುಂಡು ಕೊಟ್ಟು, ಮೇಷ್ಟ್ರು ಹೊಸ ಪಾಠ ಕಲಿತಿದ್ದರು. ನಿನ್ನೆ ಸಂಜೆ, ಬಳಲಿದ ಹೆಂಡತಿಯನ್ನು ಬೇಗ ಒಳಗೆ ಕರೆದೊಯ್ಯುವ ಗಡಿಬಿಡಿಯಲ್ಲಿ, ಕೈ ಹಳೆಯ ಪಾಠಕ್ಕೇ ಮರಳಿತ್ತು.

ವಾಹನ ತಪಾಸಣೆಯ ಅಧಿಕಾರಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಕರೆದರು. "ಇಲ್ಲಿ ನೋಡಿ. ಈ ವೈರು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಹೋಗಬೇಕು. ಬ್ರೇಕ್ ಎಳೆದಿಲ್ಲ ಅಂದ್ರೆ ರಿಮೋಟು ಕೆಲಸ ಮಾಡಬಾರದು. ಇದನ್ನ ನೇರವಾಗಿ ಕಾರಿನ ತಗಡಿಗೆ ಕಚ್ಚಿಸಿಬಿಟ್ಟಿದ್ದಾರೆ. ಬ್ರೇಕ್ ಸದಾ ಎಳೆದೇ ಇದೆ ಅಂತ ರಿಮೋಟಿನ ಪೆಟ್ಟಿಗೆ ನಂಬಿಕೊಂಡಿದೆ. ಗೇರಲ್ಲಿದ್ದ ಕಾರು ಶುರುವಾದ ಕೂಡಲೇ ಮುಂದಕ್ಕೆ ನುಗ್ಗಿದೆ."

ತಮ್ಮನ ವೈರಿಂಗ್ ಅಂಗಡಿ ಎರಡು ಬೀದಿಯಾಚೆ ಇತ್ತು. ಜೀಪ್ ನಿಲ್ಲುತ್ತಲೇ ಅವನು ಕೈಯೊರೆಸಿಕೊಂಡು ಎದುರಿಗೆ ಬಂದ.

"ನಾನೇ ಸಾರ್. ಭಾವನ ಜೊತೆ ಜಗಳ ಇತ್ತು. ಕಾರಲ್ಲಿ ಕೂತು ಗುದ್ದಿಸಿ ಓಡಿಬಂದೆ."

"ಕೀ?"

"ಇನ್ನೊಂದಿತ್ತು. ಬಿಸಾಕಿದೆ."

ಇನ್‌ಸ್ಪೆಕ್ಟರ್ ಬೆಳಗಿನಿಂದ ಅಲ್ಲೇ ರಿಪೇರಿಗೆ ನಿಂತಿದ್ದ ವ್ಯಾನಿನ ಡ್ರೈವರನ್ನು ಕೇಳಿ ಬಂದರು. "ಆ ಹೊತ್ತಿಗೆ ನೀನು ಇಲ್ಲೇ ಹಾರನ್ ರಿಪೇರಿ ಮಾಡ್ತಿದ್ದೆ ಅಂತಾನಲ್ಲ, ಈ ವ್ಯಾನಿನವನು?"

ವ್ಯಾನಿನವನು ತಲೆಯಾಡಿಸಿದ.

"ಸುಳ್ಳು ಯಾಕೆ?"

"ಬ್ರೇಕಿನ ಸ್ವಿಚ್ಚು ಕೆಟ್ಟಿತ್ತು ಸಾರ್. ಹೊಸದು ಎಲ್ಲೂ ಸಿಗಲಿಲ್ಲ. ಅಕ್ಕ ಬಿಸಿಲಲ್ಲಿ ಬೇಯ್ತಾಳೆ, ಸ್ವಿಚ್ಚು ಬಂದ ಮೇಲೆ ಸರಿಮಾಡಿದ್ರಾಯ್ತು ಅಂತ ಕಚ್ಚಿಸಿದೆ. ನ್ಯೂಟ್ರಲ್ ಮರೀಬೇಡಿ ಅಂತ ಭಾವನಿಗೆ ಹೇಳಿದ್ದೆ." ಅವನು ಅಲ್ಲೇ ಕುಸಿದು ಕೂತ. "ನಾನು ಕೊಲೆಗಾರ ಅಂದ್ರೆ ನನ್ನ ಬೈಕೊಂಡಾದ್ರೂ ಬದುಕ್ತಾಳೆ. ತಾನು ಒತ್ತಿದ್ದರಿಂದ ಆಯ್ತು ಅಂತ ಗೊತ್ತಾದ್ರೆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಇನ್ನೂ ಅರ್ಧ ಟ್ರೀಟ್‌ಮೆಂಟ್ ಬಾಕಿ ಇದೆ ಸಾರ್. ಕೈಮುಗೀತೀನಿ, ಕೊಲೆ ಅಂತಲೇ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ತೋಳು ಹಿಡಿದು ಅವನನ್ನು ಎಬ್ಬಿಸಿದರು. ಆದರೂ ಆಗದ್ದನ್ನು ಬರೆಯಲು ಬರುವುದಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಅವನನ್ನು ಬಂಧಿಸಿದರು.

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು. ಮನೆಯವರೆಂದರೆ ಉಳಿದದ್ದು ಅಕ್ಕ ಒಬ್ಬರೇ. ಅಂತ್ಯಕ್ರಿಯೆ ಮುಗಿಸಿ ಮರುದಿನ ಬೆಳಗ್ಗೆ ಬಂದರು.

"ಯಾರು ಅಂತ ಗೊತ್ತಾಯ್ತಾ ಸಾರ್?"

ಇನ್‌ಸ್ಪೆಕ್ಟರ್ ಮೇಜನ್ನೇ ನೋಡುತ್ತ ಹೇಳಿದರು. "ಒಳಗೆ ಯಾರೂ ಇರಲಿಲ್ಲಮ್ಮ. ವೈರನ್ನ ತಪ್ಪಾಗಿ ಕೂರಿಸಿದ್ದು ನಿಮ್ಮ ತಮ್ಮ. ಗೇರಲ್ಲಿ ಬಿಟ್ಟಿದ್ದು ಮೇಷ್ಟ್ರು." ಅಲ್ಲಿಗೆ ನಿಲ್ಲಿಸಿದರು.

ಆಕೆ ಸೆರಗಿನ ಗಂಟು ಬಿಚ್ಚಿ ರಿಮೋಟನ್ನು ಮೇಜಿನ ಮೇಲಿಟ್ಟರು.

"ಒಬ್ಬರನ್ನ ಬಿಟ್ಟುಬಿಟ್ರಿ ಸಾರ್."

ಪಂಚನಾಮೆ ಪೆನ್ನು ಕೆಳಗಿಟ್ಟ. ಲಾಕಪ್ಪಿನೊಳಗೆ ತಮ್ಮ ಮುಖ ಮುಚ್ಚಿಕೊಂಡ. ಆಕೆ ಕಂಬಿಯ ಹತ್ತಿರ ಹೋಗಿ ನಿಂತರು. "ಒತ್ತಿದ ತಕ್ಷಣವೇ ಗೊತ್ತಾಗಿತ್ತು ಕಣೋ. ಬೇರೆ ಯಾರೋ ಇರ್ಲಿ ಅಂತ ಇಲ್ಲಿಗೆ ಓಡಿಬಂದೆ." ಕಂಬಿಯ ಸಂದಿಯಿಂದ ಕೈ ಹಾಕಿ ಅವನ ತಲೆ ಸವರಿದರು. ಅವನು ಬಿಕ್ಕುತ್ತ ಒಂದೇ ಮಾತನ್ನು ಹೇಳುತ್ತಿದ್ದ: "ಆಸ್ಪತ್ರೆ ತಪ್ಪಿಸಬೇಡ ಅಕ್ಕ."

ಅಕ್ಕ ಇನ್ನೊಂದು ದಿನವೂ ಬೇಯಬಾರದೆಂದು ಮಾಡಿದ ಅವಸರ ಅದು. ಆರೋಪಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಇವತ್ತು ಆಸ್ಪತ್ರೆಗೆ ನಾನು ಬಿಡ್ತೀನಿ, ಬನ್ನಿ," ಎಂದರು ಇನ್‌ಸ್ಪೆಕ್ಟರ್. ಆಕೆ ಮತ್ತೆ ಲಾಕಪ್ಪಿನ ಕಡೆ ತಿರುಗಿದರು. ಕಂಬಿಯ ಹಿಂದೆ ತಮ್ಮ ಕೈಮುಗಿದದ್ದನ್ನು ನೋಡಿ ಜೀಪ್ ಹತ್ತಿದರು.

ಆಸ್ಪತ್ರೆಯ ಮುಂದೆಯೂ ಇಳಿಜಾರು. ಜೀಪ್ ನಿಲ್ಲಿಸಿದ ಇನ್‌ಸ್ಪೆಕ್ಟರ್ ಕೈ ತಾನಾಗಿಯೇ ಗೇರನ್ನು ಮೊದಲನೆಯದಕ್ಕೆ ತಳ್ಳಿತು. ಆಕೆ ಅದನ್ನೇ ನೋಡುತ್ತಿದ್ದರು.

"ನೀವೂ ಇವರ ಹತ್ರಾನೇ ಕಲಿತಿದ್ದಾ?"

"ಹೌದಮ್ಮ."

ಆಕೆ ಕಣ್ಣೊರೆಸಿಕೊಂಡು ಇಳಿದರು.